ಬಿ.ಟಿ.ಎಂ. ಲೇಔಟಿನಲ್ಲಿ ಪರದೇಶದ ನೌಕರಿ: ಕಾಗದದಲ್ಲಿ ಏನಿದೆ?

ಕರಾವಳಿಯವರಿಗೆ ಪರದೇಶದ ನೌಕರಿ ಹೊಸತಲ್ಲ. ಕುವೈಟಿಗೋ ದುಬಾಯಿಗೋ ಹೊರಟವನ ವೀಸಾ, ಕರಾರುಪತ್ರ, ಟಿಕೆಟಿನ ಖರ್ಚು ಯಾರದು ಎಂಬುದನ್ನೆಲ್ಲ ಮನೆಯವರು ಹತ್ತು ಸಲ ವಿಚಾರಿಸುತ್ತಿದ್ದರು. ಈಗ ಪರದೇಶದ ನೌಕರಿಯೇ ಇಲ್ಲಿಗೆ ಬಂದಿದೆ. ನಮ್ಮ ಊರುಗಳಿಂದ ಬೆಂಗಳೂರಿಗೆ ಹೋದ ಯುವಕ ಯುವತಿಯರು ಬಿ.ಟಿ.ಎಂ. ಲೇಔಟಿನ ಪಿ.ಜಿ. ಕೋಣೆಯಲ್ಲಿ, ಜೆ.ಪಿ. ನಗರದ ಬಾಡಿಗೆ ಮನೆಯಲ್ಲಿ ಕುಳಿತು ಅಮೆರಿಕ, ಯುರೋಪಿನ ಕಂಪೆನಿಗಳಿಗೆ ದುಡಿಯುತ್ತಿದ್ದಾರೆ. ಸಮುದ್ರ ದಾಟುವುದಿಲ್ಲವಾದ್ದರಿಂದ ಕಾಗದವನ್ನು ಯಾರೂ ಓದುವುದಿಲ್ಲ.

ಇಂಥ ನೇಮಕ ಮೂರು ಬಗೆಯದು. ದೊಡ್ಡ ಕಂಪೆನಿಗಳು ಇಲ್ಲಿಯೇ ಭಾರತೀಯ ಕಂಪೆನಿಯೊಂದನ್ನು ನೋಂದಾಯಿಸುತ್ತವೆ. ಸಣ್ಣವು ಇಲ್ಲಿನ ಮಧ್ಯವರ್ತಿ ಸಂಸ್ಥೆಯ ಹೆಸರಿನಲ್ಲಿ ನೇಮಿಸಿಕೊಳ್ಳುತ್ತವೆ. ಕಾನೂನಿನ ಮಾಲೀಕ ಆ ಸಂಸ್ಥೆ, ಕೆಲಸ ಹೇಳುವವನು ವಿದೇಶದವನು. ಇವೆರಡರಲ್ಲಿ ತೊಂದರೆ ಕಡಿಮೆ. ಮೂರನೆಯದರಲ್ಲಿ ‘ಕನ್ಸಲ್ಟೆಂಟ್’ ಎಂದು ಬರೆದು ತಿಂಗಳಿಗೊಮ್ಮೆ ಡಾಲರ್ ಕಳುಹಿಸುತ್ತಾರೆ. ಮೊತ್ತ ನೋಡಿದವರಿಗೆ ಇದೇ ಉತ್ತಮವೆನಿಸುತ್ತದೆ.

ಒಂದು ಲೆಕ್ಕ ಹಾಕೋಣ. ಮೂಲವೇತನ 50,000 ರೂ. ಇರುವ ನೌಕರನಿಗೆ, ಪೂರ್ತಿ ಮೂಲವೇತನದ ಮೇಲೆ ಭವಿಷ್ಯನಿಧಿ ಕಟ್ಟುವ ಕಂಪೆನಿ ಶೇ. 12ರಂತೆ ತಿಂಗಳಿಗೆ 6,000, ವರ್ಷಕ್ಕೆ 72,000 ರೂ. ತನ್ನ ಪಾಲಾಗಿ ಕೊಡುತ್ತದೆ. ಗ್ರಾಚ್ಯುಟಿ ವರ್ಷವೊಂದಕ್ಕೆ ಹದಿನೈದು ದಿನದ ಸಂಬಳ, ಅಂದರೆ ಸುಮಾರು 28,800 ರೂ. ಎರಡೂ ಸೇರಿ ಲಕ್ಷ ದಾಟಿತು. ಹೆಣ್ಣುಮಕ್ಕಳಿಗೆ ಮೊದಲ ಎರಡು ಹೆರಿಗೆಗಳಿಗೆ 2017ರಿಂದ 26 ವಾರಗಳ ಸಂಬಳಸಹಿತ ರಜೆ ಇದೆ. ‘ಕನ್ಸಲ್ಟೆಂಟ್’ಗೆ ಇವು ಯಾವುವೂ ಬರುವುದಿಲ್ಲ. ಮದುವೆಯಾದ ಮಗಳ ಸಂಬಳವನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಹೆತ್ತವರು ಇದನ್ನೊಮ್ಮೆ ಕೇಳಿ ತಿಳಿದುಕೊಳ್ಳಬೇಕು.

ಕಂಪೆನಿ ವಿದೇಶದ್ದಾದರೂ ನೌಕರಿ ನಡೆಯುವುದು ಜಯನಗರದಲ್ಲಾದರೆ ನೌಕರನನ್ನು ಕಾಯುವುದು ಇಲ್ಲಿನ ಕಾಯಿದೆ. ‘ಯಾವಾಗ ಬೇಕಾದರೂ ತೆಗೆದುಹಾಕಬಹುದು’ ಎಂಬ ಅಮೆರಿಕದ ಪದ್ಧತಿ ಇಲ್ಲಿ ನಡೆಯದು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಂತೆ ಆರು ತಿಂಗಳು ಸತತ ಸೇವೆ ಮಾಡಿದವರನ್ನು ತೆಗೆಯಲು ಸಕಾರಣ ಬೇಕು, ತಿಂಗಳ ನೋಟಿಸು ಅಥವಾ ಅದರ ಸಂಬಳ ಬೇಕು. ನೋಟಿಸಿಗೆ ವಿನಾಯಿತಿ ಇರುವುದು ದುರ್ನಡತೆ ರುಜುವಾತಾದಾಗ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ನೇಮಕಪತ್ರವನ್ನು ಕಡ್ಡಾಯ ಮಾಡಿವೆ. ಕೆಲಸ ಬಿಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು. ಅವಧಿ ನಿಗದಿಯಾದ ನೌಕರರಿಗೆ ಗ್ರಾಚ್ಯುಟಿಗೆ ಒಂದು ವರ್ಷದ ಸೇವೆ ಸಾಕು. ಮಧ್ಯವರ್ತಿ ಸಂಸ್ಥೆಯಲ್ಲಿ ವರ್ಷದ ಕರಾರಿನ ಮೇಲೆ ಇರುವವರಿಗೆ ಇದು ಲಾಭ.

‘ಕನ್ಸಲ್ಟೆಂಟ್’ ಎಂದು ಬರೆದ ಮಾತ್ರಕ್ಕೆ ಎಲ್ಲ ಮುಗಿಯಿತೇ? ಇಲ್ಲ. 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ, ಬಟ್ಟೆಯೊಂದಕ್ಕೆ ಇಷ್ಟೆಂದು ಕೂಲಿ ಪಡೆಯುತ್ತಿದ್ದ ದರ್ಜಿಗಳನ್ನೂ ಸುಪ್ರೀಂ ಕೋರ್ಟು ನೌಕರರೆಂದೇ ಪರಿಗಣಿಸಿತು. ಅವರಿಗೆ ನಿಗದಿತ ವೇಳೆ ಇರಲಿಲ್ಲ, ಕೆಲವರು ಮನೆಗೂ ಕೆಲಸ ಒಯ್ಯುತ್ತಿದ್ದರು. ಆದರೆ ಕೆಲಸ ಸರಿಯಿಲ್ಲವೆಂದು ಹಿಂದಿರುಗಿಸಿ ಮತ್ತೆ ಹೊಲಿಸುವ ಅಧಿಕಾರ ಮಾಲೀಕನಲ್ಲಿತ್ತು. ದಿನವಿಡೀ ಒಬ್ಬನೇ ಮ್ಯಾನೇಜರನ ಅಪ್ಪಣೆಯಂತೆ ಕಂಪ್ಯೂಟರ್ ಮುಂದೆ ಕೂರುವ ಬಿ.ಟಿ.ಎಂ. ಹುಡುಗನ ಸ್ಥಿತಿ ಬೇರೆಯೇನಲ್ಲ.

ತೊಡಕು ಇರುವುದು ಬೇರೆಡೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಬಿ.ಟಿ.ಎಂ.ನಿಂದ ದೂರವಿಲ್ಲ. ಮಧ್ಯವರ್ತಿ ಸಂಸ್ಥೆಯ ಮೂಲಕ ಸೇರಿದವರ ದೂರಿಗೆ ಅಧಿಕಾರಿಗಳು ಆ ಸಂಸ್ಥೆಯನ್ನು ಕರೆಸಬಲ್ಲರು. ಇಲ್ಲಿ ಕಚೇರಿಯೂ ಇಲ್ಲದ, ಇ-ಮೇಲ್ ವಿಳಾಸ ಮಾತ್ರ ಇರುವ ಕಂಪೆನಿಗೆ ನೋಟಿಸು ತಲುಪಿಸುವುದೇ ಕಷ್ಟ. ಆದ್ದರಿಂದ ಸಹಿ ಹಾಕುವ ಮೊದಲು ಕೇಳಬೇಕಾದದ್ದು ಇಷ್ಟು: ನನ್ನ ಮಾಲೀಕನೆಂದು ಕಾಗದದಲ್ಲಿ ಯಾರ ಹೆಸರಿದೆ, ಅವರ ಭಾರತದ ವಿಳಾಸ ಯಾವುದು, ಭವಿಷ್ಯನಿಧಿಯ ಯು.ಎ.ಎನ್. ಸಂಖ್ಯೆ ಕೊಡುತ್ತಾರೋ? ನಗರಕ್ಕೆ ಹೊರಟಿರುವ ಯುವಜನರಿಗೆ ನಮ್ಮ ಯುವ ಸಂಚಾಲನದವರು ಈ ಮೂರು ಪ್ರಶ್ನೆಗಳನ್ನು ಬರೆದುಕೊಟ್ಟು ಕಳುಹಿಸಲಿ.