ಸಿಎಸ್‌ಆರ್ ಹಣ: ಖರ್ಚಿನ ಲೆಕ್ಕ ಸಾಕೇ, ಫಲದ ಲೆಕ್ಕ ಬೇಡವೇ?

ಮಾರ್ಚ್ ತಿಂಗಳು ಹತ್ತಿರವಾದಂತೆ ಹಳ್ಳಿ ಶಾಲೆಗಳಿಗೆ ಅತಿಥಿಗಳು ಹೆಚ್ಚುತ್ತಾರೆ. ಕಂಪನಿಯ ಹೆಸರು ಅಚ್ಚಾದ ಬ್ಯಾಗು, ನೋಟ್‌ಬುಕ್ಕು, ಡೆಸ್ಕು, ನೀರಿನ ಫಿಲ್ಟರು ಬರುತ್ತವೆ. ಹಾರ, ಶಾಲು, ಫೋಟೊ ಆಗುತ್ತದೆ. ಆರ್ಥಿಕ ವರ್ಷದ ಲೆಕ್ಕ ಸರಿಹೋಗುತ್ತದೆ. ಮುಂದಿನ ವರ್ಷ ಅದೇ ಶಾಲೆಗೆ ಹೋಗಿ ಫಿಲ್ಟರು ನಡೆಯುತ್ತಿದೆಯೇ, ಮಕ್ಕಳು ಎಷ್ಟು ಕಲಿತರು ಎಂದು ಕೇಳುವವರು ಮಾತ್ರ ಕಡಿಮೆ.

ತುಮಕೂರು ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಈಗ ಹೆಚ್ಚಿನ ತೂಕವಿದೆ. ತುಮಕೂರಿನ ಬಳಿ ವಸಂತನರಸಾಪುರ, ಕುಣಿಗಲ್ ಬಳಿ ಅಂಚೇಪಾಳ್ಯ ಕೈಗಾರಿಕಾ ಪ್ರದೇಶಗಳಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು. ಕಂಪನಿಗಳು ತಾವು ಕಾರ್ಯ ನಡೆಸುವ ಸ್ಥಳ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಹೀಗಾಗಿ ರಾಗಿ, ತೆಂಗು ನಂಬಿ ಬದುಕುವ ಅಮೃತೂರಿನಂತಹ ಹೋಬಳಿಯ ಜನರೂ ಈ ಹಣ ಏನಾಗುತ್ತಿದೆ ಎಂದು ಕೇಳಬಹುದು.

ನಮ್ಮ ಸಮಾಜದ ಕುಟುಂಬಗಳು ಈ ವ್ಯವಹಾರದ ಎರಡೂ ಬದಿಯಲ್ಲಿವೆ. ಕೆಲವರು ಉದ್ಯಮ ನಡೆಸಿ ಹಣ ಕೊಡುವವರು. ಕೆಲವರು ವಿದ್ಯಾರ್ಥಿನಿಲಯ, ಶಾಲೆ, ಔಷಧಾಲಯ, ಗೋಶಾಲೆಗಳ ಟ್ರಸ್ಟ್ ನಡೆಸಿ ಹಣ ಪಡೆಯುವವರು. ಇಬ್ಬರಿಗೂ ಈ ವಿಷಯ ತಿಳಿದಿರಬೇಕು.

ಕಾನೂನು ಏನು ಹೇಳುತ್ತದೆ?

2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಹೇಳಿರುವಂತೆ ಹಿಂದಿನ ಆರ್ಥಿಕ ವರ್ಷದಲ್ಲಿ ₹500 ಕೋಟಿ ನಿವ್ವಳ ಮೌಲ್ಯ, ₹1,000 ಕೋಟಿ ವಹಿವಾಟು ಅಥವಾ ₹5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಇದರ ವ್ಯಾಪ್ತಿಗೆ ಬರುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ಖರ್ಚು ಮಾಡಬೇಕು. ‘ಇದೆಲ್ಲ ದೊಡ್ಡ ಕಂಪನಿಗಳಿಗೆ’ ಎಂದು ಭಾವಿಸುವ ಕುಟುಂಬ ಉದ್ಯಮಗಳು ಲಾಭದ ಅಂಕಿಯೊಂದರಿಂದಲೇ ಒಳಗೆ ಬಂದುಬಿಡುತ್ತವೆ.

ಸರಾಸರಿ ಲಾಭ ₹6 ಕೋಟಿ ಇರುವ ಕಂಪನಿಯನ್ನು ಊಹಿಸೋಣ. ಅದರ ಪಾಲು ವರ್ಷಕ್ಕೆ ₹12 ಲಕ್ಷ. ಹೊಣೆ ₹50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಕಡ್ಡಾಯವಲ್ಲ, ನಿರ್ದೇಶಕ ಮಂಡಳಿಯೇ ಆ ಕೆಲಸ ನೋಡಿಕೊಳ್ಳಬಹುದು. ಆಡಳಿತ ವೆಚ್ಚ ಶೇ 5ನ್ನು ಮೀರುವಂತಿಲ್ಲ. ಅಂದರೆ ₹12 ಲಕ್ಷದಲ್ಲಿ ₹60,000 ಮಾತ್ರ. ಉಳಿದ ₹11.40 ಲಕ್ಷ ಜನರಿಗೆ ತಲುಪುವ ಕೆಲಸಕ್ಕೆ.

2021ರ ಜನವರಿಯಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿ, ಪರಿಣಾಮದ ಅಧ್ಯಯನವೂ ಸೇರಿತು. ಹಿಂದಿನ ಮೂರು ವರ್ಷಗಳ ಸರಾಸರಿ ಸಿಎಸ್‌ಆರ್ ಹೊಣೆ ₹10 ಕೋಟಿ ಅಥವಾ ಹೆಚ್ಚಿರುವ ಕಂಪನಿಯು, ₹1 ಕೋಟಿ ಅಥವಾ ಹೆಚ್ಚು ವೆಚ್ಚದ, ಮುಗಿದು ಕನಿಷ್ಠ ಒಂದು ವರ್ಷವಾದ ಯೋಜನೆಗಳ ಫಲವನ್ನು ಸ್ವತಂತ್ರ ಸಂಸ್ಥೆಯಿಂದ ಪರೀಕ್ಷಿಸಿಸಬೇಕು. ₹12 ಲಕ್ಷದ ಕಂಪನಿಗೆ ಈ ನಿರ್ಬಂಧವಿಲ್ಲ. ಲೆಕ್ಕಪರಿಶೋಧಕರು ನೋಡುವುದು ಹಣ ಖರ್ಚಾಯಿತೇ, ರಸೀದಿ ಇದೆಯೇ ಎಂಬುದನ್ನು. ಸಣ್ಣ ಕಂಪನಿಗಳ ಕೆಲಸದ ಫಲವನ್ನು ಯಾರೂ ಅಳೆಯದೆ ಉಳಿಯುವುದು ಇಲ್ಲಿಯೇ. ಅಳತೆಯ ಗುರಿಯನ್ನು ಅವರು ತಾವಾಗಿಯೇ ಇಟ್ಟುಕೊಳ್ಳಬೇಕು.

ಮೂರು ಬಗೆಯ ಲೆಕ್ಕ

‘ಶಿಕ್ಷಣಕ್ಕೆ ಪ್ರೋತ್ಸಾಹ’, ‘ಆರೋಗ್ಯ ಜಾಗೃತಿ’ ಎಂಬುವು ಆಶಯಗಳು, ಗುರಿಗಳಲ್ಲ. ಗುರಿ ಎಂದರೆ ಯಾರಿಗೆ, ಏನು, ಎಷ್ಟು, ಯಾವಾಗಿನೊಳಗೆ ಎಂಬ ನಾಲ್ಕು ಪ್ರಶ್ನೆಗಳಿಗೂ ಉತ್ತರವಿರಬೇಕು.

ಲೆಕ್ಕದಲ್ಲಿ ಮೂರು ಮೆಟ್ಟಿಲುಗಳಿವೆ. ಎಷ್ಟು ಖರ್ಚಾಯಿತು ಎಂಬುದು ಮೊದಲನೆಯದು. ಏನು ಮಾಡಿದೆವು ಎಂಬುದು ಎರಡನೆಯದು. ಜನರ ಬದುಕಿನಲ್ಲಿ ಏನು ಬದಲಾಯಿತು ಎಂಬುದು ಮೂರನೆಯದು. ದಾನಚಿಂತಾಮಣಿ ಅತ್ತಿಮಬ್ಬೆಯವರು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದರೆಂಬುದು ನಮಗೆಲ್ಲ ತಿಳಿದದ್ದೇ. ಓಲೆಗರಿಗೆ, ಲಿಪಿಕಾರರಿಗೆ ಆದ ವೆಚ್ಚ ಮೊದಲ ಮೆಟ್ಟಿಲು. ಸಾವಿರ ಪ್ರತಿ ಎರಡನೆಯದು. ಸಾವಿರ ವರ್ಷಗಳ ನಂತರವೂ ಆ ಕೃತಿ ನಮ್ಮ ಕೈಗೆ ಸಿಗುತ್ತಿರುವುದು ಮೂರನೆಯದು. ಇಂದಿನ ಬಹುತೇಕ ವರದಿಗಳು ಎರಡನೇ ಮೆಟ್ಟಿಲಿನಲ್ಲೇ ನಿಂತುಬಿಡುತ್ತವೆ: ಇಷ್ಟು ಬ್ಯಾಗು, ಇಷ್ಟು ಶಿಬಿರ, ಇಷ್ಟು ಸಸಿ.

ಅಮೃತೂರು ಹೋಬಳಿಗೆ ಒಂದು ಮಾದರಿ

ಆ ₹11.40 ಲಕ್ಷವನ್ನು ಹೋಬಳಿಯ ಹತ್ತು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಓದು ಕಲಿಸಲು ಬಳಸುತ್ತೇವೆ ಎಂದುಕೊಳ್ಳೋಣ. ಇಲ್ಲಿನ ಅಂಕಿಗಳೆಲ್ಲ ವಿವರಣೆಗಾಗಿ ಮಾಡಿಕೊಂಡ ಊಹೆ. ಮೂರರಿಂದ ಐದನೇ ತರಗತಿಯವರೆಗೆ 200 ಮಕ್ಕಳಿದ್ದಾರೆ. ಕೆಲಸ ಆರಂಭಿಸುವ ಮೊದಲೇ, ಜೂನ್‌ನಲ್ಲಿ, ಪ್ರತಿ ಮಗುವಿನಿಂದ ಎರಡನೇ ತರಗತಿ ಮಟ್ಟದ ಕನ್ನಡ ಪಾಠ ಓದಿಸಿ ನೋಡಬೇಕು. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಕ್ರಮವೂ ಇದೇ. 80 ಮಕ್ಕಳು ಓದಿದರು ಎನ್ನಿ. ಆಗ ಗುರಿ ಹೀಗಿರಬಹುದು: ಮುಂದಿನ ಮಾರ್ಚ್ ಹೊತ್ತಿಗೆ 140 ಮಕ್ಕಳು ಅದೇ ಮಟ್ಟದ ಪಾಠವನ್ನು ಸರಾಗವಾಗಿ ಓದಬೇಕು.

ಗುರಿ ಮುಟ್ಟಿದರೆ ಹೊಸದಾಗಿ ಓದಲು ಕಲಿತವರು 60 ಮಕ್ಕಳು. ತಲಾ ವೆಚ್ಚ ₹19,000. ಇದು ಹೆಚ್ಚಾಯಿತೇ? ಎರಡನೇ ವರ್ಷ ಇಳಿಸಲು ಸಾಧ್ಯವೇ? ಬೇರೆ ದಾರಿ ಇದೆಯೇ? ‘200 ಬ್ಯಾಗು ಹಂಚಿದೆವು’ ಎಂಬ ವರದಿ ಇಂತಹ ಪ್ರಶ್ನೆಗಳನ್ನು ಹುಟ್ಟಿಸುವುದೇ ಇಲ್ಲ.

ನೀರಿನ ವಿಷಯಕ್ಕೂ ಇದೇ ಕ್ರಮ. ಪಾವಗಡ, ಸಿರಾ, ಮಧುಗಿರಿ ಕಡೆಯ ಫ್ಲೋರೈಡ್ ಸಮಸ್ಯೆ ಹಳೆಯದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಆದ್ದರಿಂದ ‘ಒಂದು ಶುದ್ಧ ನೀರಿನ ಘಟಕ ಸ್ಥಾಪನೆ’ ಎಂಬುದರ ಬದಲು ಹೀಗೆ ಬರೆಯಬಹುದು: ಘಟಕ ವರ್ಷದಲ್ಲಿ ಕನಿಷ್ಠ 340 ದಿನ ನಡೆಯಬೇಕು. ಮೂರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆಯ ಫಲಿತಾಂಶವನ್ನು ಘಟಕದ ಗೋಡೆಯ ಮೇಲೆ ಬರೆಯಬೇಕು. ಕೆಟ್ಟರೆ ಮೂರು ದಿನದೊಳಗೆ ರಿಪೇರಿಯಾಗಬೇಕು. ಹಣ ಕೊಟ್ಟವರು ಬಂದು ಹೋದಮೇಲೆ ಘಟಕ ಕೆಟ್ಟು ಬೀಗ ಬಿದ್ದರೆ ಆ ದಾನದಿಂದ ಯಾರ ಬಾಯಾರಿಕೆಯೂ ತೀರುವುದಿಲ್ಲ.

ತಂಡದ ಕೈಯಲ್ಲಿರುವುದು, ಇಲ್ಲದಿರುವುದು

ಸಿಎಸ್‌ಆರ್ ಕೆಲಸ ನೋಡುವವರು ಎಷ್ಟೋ ಕಡೆ ಒಬ್ಬರೋ ಇಬ್ಬರೋ. ಅವರಿಗೆ ಗುರಿ ಕೊಡುವಾಗ ಎಚ್ಚರ ಬೇಕು. ಮಳೆ ಬಾರದೆ ಕೆರೆ ತುಂಬದಿದ್ದರೆ ಅದು ಅವರ ತಪ್ಪಲ್ಲ. ಎಷ್ಟು ಘನಮೀಟರ್ ಹೂಳು ತೆಗೆಸಿದರು, ನೀರು ಬರುವ ಕಾಲುವೆ ತೆರವಾಯಿತೇ, ಸಂಸ್ಥೆಗೆ ಹಣ ಸಕಾಲಕ್ಕೆ ತಲುಪಿತೇ, ತಿಂಗಳಿಗೊಮ್ಮೆ ಸ್ಥಳಕ್ಕೆ ಹೋದರೇ ಎಂಬುದು ಅವರ ಕೈಯಲ್ಲಿದೆ. ನೌಕರನ ಬಡ್ತಿಯನ್ನು ಇವುಗಳ ಮೇಲೆ ನಿರ್ಧರಿಸಬಹುದು. ಯೋಜನೆ ಮುಂದುವರಿಯಬೇಕೇ ಎಂಬುದನ್ನು ಊರಿನಲ್ಲಾದ ಬದಲಾವಣೆ ನೋಡಿ ನಿರ್ಧರಿಸಬೇಕು. ಎರಡನ್ನೂ ಬೆರೆಸಿದರೆ ಸುಳ್ಳು ಅಂಕಿಗಳಿಗೆ ದಾರಿಯಾಗುತ್ತದೆ.

ಅಂಕಿಗೂ ಮೋಸ ಮಾಡಲು ಬರುತ್ತದೆ. ಓದಲು ಬಾರದ ಮಕ್ಕಳನ್ನು ಪರೀಕ್ಷೆಯ ದಿನ ಮನೆಯಲ್ಲಿ ಉಳಿಸಿದರೆ ಶೇಕಡಾವಾರು ತಾನಾಗಿ ಏರುತ್ತದೆ. ಸುಲಭದ ಊರು ಆರಿಸಿಕೊಂಡರೆ ಫಲಿತಾಂಶ ಚೆನ್ನಾಗಿ ಕಾಣುತ್ತದೆ. ಇದಕ್ಕೆ ಸರಳ ಕಟ್ಟುಪಾಡುಗಳಿವೆ: ಹಾಜರಾದವರಲ್ಲದೆ ದಾಖಲಾದ ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯುವುದು, ಕಲಿಸಿದವರಿಂದಲೇ ಅಳತೆ ಮಾಡಿಸದಿರುವುದು, ಒಂದು ಯೋಜನೆಗೆ ಮೂರು ನಾಲ್ಕಕ್ಕಿಂತ ಹೆಚ್ಚು ಅಳತೆ ಇಡದಿರುವುದು. ಗುರಿ ತಪ್ಪಿದಾಗ ಹಾಗೆಂದೇ ಬರೆಯುವುದು ಎಲ್ಲಕ್ಕಿಂತ ಮುಖ್ಯ. ಸತ್ಯವನ್ನು ಅಣುವ್ರತವಾಗಿ ಪಾಲಿಸುವವರ ಕಂಪನಿಯ ವರದಿಯಲ್ಲಿ 140ರ ಗುರಿಗೆ 112 ಬಂತೆಂದು ಬರೆಯಲು ಹಿಂಜರಿಕೆ ಇರಬಾರದು. ಮಂಡಳಿಯೂ ಆ ಮಾತಿಗೆ ಸಿಟ್ಟಾಗದೆ ಕಾರಣ ಕೇಳಬೇಕು.

ಹಣ ಪಡೆಯುವ ನಮ್ಮ ಸಂಸ್ಥೆಗಳು

ಕಂಪನಿಯೊಂದರ ಸಿಎಸ್‌ಆರ್ ಕೆಲಸ ಮಾಡಲು ಹೊರಗಿನ ಟ್ರಸ್ಟ್‌ಗೆ ಸಾಮಾನ್ಯವಾಗಿ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ, ಮೂರು ವರ್ಷಗಳ ಅನುಭವ, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಬೇಕು. ಏಳನೇ ಅನುಸೂಚಿಯ ಪಟ್ಟಿಯಲ್ಲಿ ಶಿಕ್ಷಣ, ಆರೋಗ್ಯ, ಹಾಸ್ಟೆಲ್, ವೃದ್ಧಾಶ್ರಮ, ಪ್ರಾಣಿ ಕಲ್ಯಾಣ ಇವೆ. ಐತಿಹಾಸಿಕ ಮಹತ್ವದ ಕಟ್ಟಡಗಳ ಜೀರ್ಣೋದ್ಧಾರವೂ ಇದೆ. ಪೂಜೆ, ಉತ್ಸವಗಳು ಆ ಪಟ್ಟಿಯಲ್ಲಿಲ್ಲ. ಅವು ಶ್ರಾವಕರ ಸ್ವಂತ ದಾನದಿಂದಲೇ ನಡೆಯಬೇಕಾದವು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿರುವಂತಹ ಹೊಯ್ಸಳರ ಕಾಲದ ಬಸದಿಯ ಸಂರಕ್ಷಣೆ ಪಾರಂಪರಿಕ ಕಟ್ಟಡಗಳ ಬಾಬಿನಡಿ ಚರ್ಚೆಗೆ ಬರಬಹುದಾದ ವಿಷಯ, ಪುರಾತತ್ತ್ವ ಇಲಾಖೆಯ ನಿಯಮಗಳನ್ನು ಪಾಲಿಸಿ.

ವಿದ್ಯಾರ್ಥಿನಿಲಯ ನಡೆಸುವ ಟ್ರಸ್ಟ್ ಅರ್ಜಿಯಲ್ಲಿ ‘50 ವರ್ಷಗಳ ಸೇವೆ’ ಎಂದು ಬರೆಯುವುದರ ಜೊತೆಗೆ, ಕಳೆದ ಐದು ವರ್ಷಗಳಲ್ಲಿ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಪಿಯುಸಿ ಮುಗಿಸಿದರು, ನಡುವೆ ಬಿಟ್ಟವರೆಷ್ಟು, ಏಕೆ ಎಂಬ ಒಂದು ಪುಟ ಸೇರಿಸಿದರೆ ಅದಕ್ಕೆ ಹೆಚ್ಚು ಬೆಲೆ ಬರುತ್ತದೆ. ಹಾಜರಿ ಪುಸ್ತಕದಲ್ಲಿ ಈ ಮಾಹಿತಿ ಇದ್ದೇ ಇರುತ್ತದೆ, ತೆಗೆದು ಬರೆಯಬೇಕಷ್ಟೆ.

ಮಾರ್ಚ್ 31ರ ಅವಸರಕ್ಕೂ ಕಾನೂನಿನಲ್ಲೇ ಪರಿಹಾರವಿದೆ. ಮಂಡಳಿಯು ಯೋಜನೆಯನ್ನು ‘ಮುಂದುವರಿಯುವ ಯೋಜನೆ’ ಎಂದು ಮೊದಲೇ ಅನುಮೋದಿಸಿದರೆ, ಆರಂಭದ ವರ್ಷ ಬಿಟ್ಟು ಮೂರು ವರ್ಷಗಳವರೆಗೆ ಅದನ್ನು ನಡೆಸಬಹುದು. ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮುಂದಿನ ಮೂರು ವರ್ಷಗಳಲ್ಲಿ ಬಳಸಬಹುದು. ಮೂರನೇ ತರಗತಿಯ ಮಗು ಐದನೇ ತರಗತಿ ದಾಟುವವರೆಗೆ ಜೊತೆಯಲ್ಲಿರಲು ಇಷ್ಟು ಸಮಯ ಸಾಕು.

ಮುಂದಿನ ಮಂಡಳಿ ಸಭೆಗೆ ಹೋಗುವ ನಮ್ಮ ಉದ್ಯಮಿ ಬಂಧುಗಳು ‘ಈ ವರ್ಷ ಎಷ್ಟು ಕೊಟ್ಟೆವು?’ ಎಂಬುದರ ಜೊತೆಗೆ ‘ಹೋದ ವರ್ಷ ಕೊಟ್ಟದ್ದು ಏನಾಯಿತು?’ ಎಂದೂ ಕೇಳಲಿ. ಉತ್ತರ ತಿಳಿಯದಿದ್ದರೆ, ಹೊಸ ಚೆಕ್ಕಿಗೆ ಸಹಿ ಮಾಡುವ ಮೊದಲು ಒಮ್ಮೆ ಆ ಊರಿಗೆ ಹೋಗಿಬರುವುದು ಒಳ್ಳೆಯದು.