ಹಿತ್ತಲ ಮಣ್ಣೂ ಮಕ್ಕಳ ಇಂಗ್ಲಿಷೂ



ತಮ್ಮ ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಬೇಕೆಂಬ ಹಂಬಲ ಇಂದು ಬಹುತೇಕ ಎಲ್ಲ ಸದ್ಭಕ್ತರ ಮನೆಗಳಲ್ಲಿಯೂ ಇದೆ. ಅದು ತಪ್ಪಲ್ಲ. ವಿದ್ಯೆ ಯಾವ ಭಾಷೆಯ ಬಾಗಿಲಿನಿಂದ ಬಂದರೂ ವಿದ್ಯೆಯೇ. ಆದರೆ ಆ ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕೆಂದು ತಾಯಿತಂದೆಗಳು ಕೇಳಿದರೆ, ಹಿತ್ತಲಿನಿಂದ ಎಂದು ನಾವು ಹೇಳುತ್ತೇವೆ. ಹಿತ್ತಲಿಲ್ಲದ ಪಟ್ಟಣದ ಮನೆಗೆ ಮಾಳಿಗೆಯ ಮೇಲಿನ ನಾಲ್ಕು ಕುಂಡಗಳೇ ಸಾಕು.

ಮಕ್ಕಳನ್ನು ನಾವು ಮೊಟ್ಟಮೊದಲು ಕಳುಹಿಸುವ ತರಗತಿಗಳ ಹೆಸರುಗಳನ್ನೇ ನೋಡೋಣ. ‘ನರ್ಸರಿ’ ಎಂದರೆ ಶಿಶುಗಳನ್ನು ಸಾಕಿ ಸಲಹುವ ಕೋಣೆ. ಎಳೆಯ ಸಸಿಗಳನ್ನು ಬೆಳೆಸುವ ತಾಣಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. ಎಲ್.ಕೆ.ಜಿ., ಯು.ಕೆ.ಜಿ.ಗಳಲ್ಲಿ ಅಡಗಿರುವ ‘ಕಿಂಡರ್‌ಗಾರ್ಟನ್’ ಜರ್ಮನ್ ಭಾಷೆಯ ಪದ. ಮಕ್ಕಳ ತೋಟ ಎಂದು ಅದರ ಅರ್ಥ. 1840ರಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞನು ತನ್ನ ಶಾಲೆಗೆ ಈ ಹೆಸರನ್ನಿಟ್ಟನು. ಮಕ್ಕಳು ತಮ್ಮ ಪಾಲಿನ ಪುಟ್ಟ ಮಡಿಗಳಲ್ಲಿ ಗಿಡ ಬೆಳೆಸುವುದು ಅವನ ಶಿಕ್ಷಣಕ್ರಮದ ಒಂದು ಭಾಗವಾಗಿತ್ತು. ನಮ್ಮ ಎಷ್ಟೋ ಶಾಲೆಗಳಲ್ಲಿ ಆ ತೋಟವು ಹೆಸರಿನಲ್ಲಿ ಮಾತ್ರ ಉಳಿದಿದೆ. ಮಣ್ಣು ಗೇಟಿನ ಹೊರಗೇ ನಿಂತಿದೆ.

ತೋಟದ ಇಂಗ್ಲಿಷ್ ಪದಗಳು ಹೆಚ್ಚಿನವು ಚಿಕ್ಕವು, ದಿನಬಳಕೆಯವು. ಬೀಜವನ್ನು ಬಿತ್ತುವುದು ‘ಸೋ’. ಗಿಡವನ್ನು ನೆಡುವುದು ‘ಪ್ಲಾಂಟ್’. ಸಸಿಮಡಿಯಿಂದ ಕಿತ್ತು ಬೇರೆಡೆ ನಾಟಿ ಮಾಡುವುದು ‘ಟ್ರಾನ್ಸ್‌ಪ್ಲಾಂಟ್’. ಬೀಜದಿಂದ ಆಗಷ್ಟೇ ಎದ್ದ ಸಸಿ ‘ಸೀಡ್ಲಿಂಗ್’; ಮುಂದೆ ಮರವಾಗಲಿರುವ ಎಳೆಯ ಗಿಡ ‘ಸ್ಯಾಪ್ಲಿಂಗ್’. ಕೆಲವು ಪದಗಳಂತೂ ಕೈಯಿಂದ ಕೆಲಸ ಮಾಡದೆ ತಿಳಿಯುವಂಥವಲ್ಲ. ‘ವಾಟರ್’ ಎಂದರೆ ನೀರು. ಗಿಡವನ್ನು ‘ವಾಟರ್’ ಮಾಡು ಎಂದರೆ ಅದಕ್ಕೆ ನೀರುಣಿಸು. ‘ವೀಡ್’ ಎಂದರೆ ಕಳೆ. ಮಡಿಯನ್ನು ‘ವೀಡ್’ ಮಾಡು ಎಂದರೆ ಕಳೆ ಹಾಕು ಎಂದಲ್ಲ, ಕಳೆ ತೆಗೆ ಎಂದು ಅರ್ಥ. ಪುಸ್ತಕದಲ್ಲಿ ಓದಿದ ಮಗು ಇಲ್ಲಿ ತಡವರಿಸಬಹುದು. ಒಮ್ಮೆ ಕುಳಿತು ಕಳೆ ಕಿತ್ತ ಮಗು ಮತ್ತೆಂದೂ ಮರೆಯದು.

ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಬೆಳೆ ಬೆಳೆಯುವ ಮಣ್ಣಿಗೆ ಇಂಗ್ಲಿಷಿನಲ್ಲಿ ‘ಸಾಯಿಲ್’ ಎನ್ನುತ್ತಾರೆ. ‘ಡರ್ಟ್’ ಎಂಬ ಇನ್ನೊಂದು ಪದವೂ ಮಣ್ಣಿಗೆ ಸಲ್ಲುತ್ತದೆ. ಆದರೆ ಹೊಲಸು ಎಂಬುದು ಅದರ ಮೂಲಾರ್ಥ. ನಮ್ಮ ಮನೆಗಳಲ್ಲಿ ಮಗು ಮಣ್ಣು ಮುಟ್ಟಿದೊಡನೆ “ಛೀ, ಡರ್ಟಿ” ಎಂಬ ಮಾತು ಕೇಳಿಬರುತ್ತದೆ. ಆಗ ಒಳಗೆ ಬರುವುದು ಒಂದು ಪದ ಮಾತ್ರವಲ್ಲ, ಅದರ ಬೆನ್ನಿಗೆ ಒಂದು ತಾತ್ಸಾರವೂ ಬರುತ್ತದೆ. ಎರೆ, ಮಸಬು, ಕೆಮ್ಮಣ್ಣು ಎಂದು ಗುಣವರಿತು ಮಣ್ಣಿಗೆ ಹೆಸರಿಟ್ಟವರ ಮೊಮ್ಮಕ್ಕಳು ಮಣ್ಣೆಂದರೆ ಹೊಲಸೆಂದು ಕಲಿಯುತ್ತಾರೆ. ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಕಲಿಸಿರಿ. ಮಣ್ಣಿಗೆ ಹೇಸುವುದನ್ನು ಕಲಿಸದಿರಿ.

ಹಾಗೆ ನೋಡಿದರೆ ಇಂಗ್ಲಿಷ್ ಭಾಷೆಯೇ ಬೇರೊಂದು ಪಾಠವನ್ನು ಹೇಳುತ್ತದೆ. ಗೊಬ್ಬರಕ್ಕೆ ಆ ಭಾಷೆಯಲ್ಲಿ ‘ಮೆನ್ಯೂರ್’ ಎನ್ನುತ್ತಾರೆ. ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮೂಲಕ ಬಂದ ಈ ಪದಕ್ಕೆ ಕೈಯಾರೆ ದುಡಿಯುವುದು ಎಂಬುದೇ ಮೂಲಾರ್ಥ. ಮೊದಲು ಹೊಲ ಗೇಯುವುದಕ್ಕೆ ಸಲ್ಲುತ್ತಿದ್ದ ಮಾತು ಕಾಲಾಂತರದಲ್ಲಿ ಹೊಲಕ್ಕೆ ಹಾಕುವ ಗೊಬ್ಬರದ ಹೆಸರಾಗಿ ನಿಂತಿತು. ಮೂಗು ಮುಚ್ಚಿಕೊಳ್ಳುವಂಥ ವಸ್ತುವಿನ ಹೆಸರಿನಲ್ಲಿ ಕಾಯಕವೇ ಅಡಗಿ ಕುಳಿತಿರುವುದು ಬಸವಾದಿ ಶರಣರ ಮಕ್ಕಳಿಗೆ ಸಂತೋಷದ ಸಂಗತಿಯಲ್ಲವೇ? 12ನೆಯ ಶತಮಾನದ ಶರಣರಲ್ಲಿ ಒಕ್ಕಲುತನವನ್ನೇ ಕಾಯಕವಾಗಿಸಿಕೊಂಡ ಒಕ್ಕಲಿಗ ಮುದ್ದಣ್ಣನವರೂ ಒಬ್ಬರೆಂಬುದನ್ನು ಮರೆಯಲಾಗದು.

ಇಂಗ್ಲಿಷಿನ ಮುಂದೆ ಕೀಳರಿಮೆಯೂ ಬೇಡ. ‘ಮ್ಯಾಂಗೋ’, ‘ಜ್ಯಾಕ್‌ಫ್ರೂಟ್’ನಲ್ಲಿರುವ ‘ಜ್ಯಾಕ್’, ವೀಳ್ಯದೆಲೆಗೆ ಹೇಳುವ ‘ಬೀಟಲ್’, ತೇಗಕ್ಕೆ ಹೇಳುವ ‘ಟೀಕ್’ ಇವೆಲ್ಲ ದಕ್ಷಿಣದ ದ್ರಾವಿಡ ನುಡಿಗಳಿಂದ ಪೋರ್ಚುಗೀಸರ ಬಾಯಿಗೆ ಹತ್ತಿ ಇಂಗ್ಲಿಷಿಗೆ ಹೋದ ಮಾತುಗಳು. ‘ಅರೇಕಾ’ ಎಂಬುದು ನಮ್ಮ ಅಡಿಕೆಯ ಬಳಗದ್ದೇ. ಗಿಡಗಳೂ ಹಾಗೆಯೇ ಸಂಚರಿಸಿವೆ. ನಮ್ಮ ಪೂಜೆಯ ತಟ್ಟೆಯಲ್ಲಿರುವ ಚೆಂಡುಹೂವಿನ ತವರು ದೂರದ ಮೆಕ್ಸಿಕೊ. ಪರಭಾಷೆಯ ಪದವನ್ನೂ ಹಾಗೆಯೇ ಬರಮಾಡಿಕೊಳ್ಳಬಹುದು.

ಆದರೆ ಅತಿಥಿ ಬಂದನೆಂದು ಮನೆಯವರನ್ನು ಹೊರಗೆ ಕಳುಹಿಸಬಾರದು. ಪತ್ರೆಯ ವಿಷಯವನ್ನೇ ತೆಗೆದುಕೊಳ್ಳೋಣ. ಬಿಲ್ವ ಬೇರೆ, ಬೇಲ ಬೇರೆ. ಬೇಲಕ್ಕೆ ಉತ್ತರದ ಜಿಲ್ಲೆಗಳಲ್ಲಿ ಬಳವಲ ಎನ್ನುತ್ತಾರೆ. ಬಿಲ್ವದ ಎಲೆಗೆ ಸಾಮಾನ್ಯವಾಗಿ ಮೂರು ದಳ. ಬೇಲದ ಎಲೆಗೆ ಐದೋ ಏಳೋ ಕಿರಿದಳಗಳು. ಇಂಗ್ಲಿಷಿನಲ್ಲಿಯಾದರೋ ‘ವುಡ್ ಆಪಲ್’ ಎಂಬ ಒಂದೇ ಹೆಸರು ಎರಡಕ್ಕೂ ಬಳಕೆಯಾಗುತ್ತದೆ. ಬಿಲ್ವಕ್ಕೆ ‘ಬೇಲ್’ ಎಂಬ ಮತ್ತೊಂದು ಹೆಸರೂ ಆ ಭಾಷೆಯಲ್ಲಿದೆ. ಅದು ನಮ್ಮ ಕಿವಿಗೆ ಬೇಲವೆಂದೇ ಕೇಳಿಸುತ್ತದೆ. ಲಿಂಗಪೂಜೆಗೆ ‘ವುಡ್ ಆಪಲ್’ ಎಲೆ ತಾ ಎಂದರೆ ಹುಡುಗನು ಯಾವ ಮರದ ಕೆಳಗೆ ನಿಲ್ಲಬೇಕು? ಇನ್ನು ಶಿವನಿಗೆ ಪ್ರಿಯವೆನ್ನುವ ತುಂಬೆಗೆ ಇಂಗ್ಲಿಷ್ ಮನೆಮಾತಿನಲ್ಲಿ ರೂಢಿಯ ಹೆಸರಿಲ್ಲ. ಸಸ್ಯಶಾಸ್ತ್ರದ ‘ಲ್ಯೂಕಾಸ್’ ಎಂಬ ಹೆಸರನ್ನೇ ಹಿಡಿಯಬೇಕು. ಎಲೆಯನ್ನು ಕಂಡು ಮರವನ್ನು ಗುರುತಿಸುವ ಅರಿವು ಇಂದಿಗೂ ಮನೆಯ ಅಜ್ಜಿಯಲ್ಲಿದೆ. ಅಜ್ಜಿ ಬಲ್ಲ ಹೆಸರುಗಳು ಮೊಮ್ಮಕ್ಕಳಿಗೆ ತಿಳಿಯದೆ ಹೋದರೆ ಆ ಅರಿವು ಅವರ ಕೈಸೇರುವ ದಾರಿ ಮುಚ್ಚಿದಂತೆಯೇ.

ಆದುದರಿಂದ ನಮ್ಮ ಸೂಚನೆ ಇಷ್ಟು. ಮನೆಯ ಮಗುವಿನ ಕೈಯಿಂದ ಒಂದು ಕುಂಡದಲ್ಲಿ ಚೆಂಡುಹೂವಿನ ಬೀಜ ಬಿತ್ತಿಸಿರಿ. ವಾರದೊಳಗೆ ಮೊಳಕೆ ಕಾಣುತ್ತದೆ. ಎರಡು ಮೂರು ತಿಂಗಳಲ್ಲಿ ಹೂ ಬಿಡುತ್ತದೆ. ಆ ಅವಧಿಯಲ್ಲಿ ಬಿತ್ತುವುದು, ನೀರುಣಿಸುವುದು, ನಾಟಿ, ಕಳೆ, ಗೊಬ್ಬರ ಎಲ್ಲವೂ ಒಂದೊಂದಾಗಿ ಬರುತ್ತವೆ. ಪ್ರತಿಯೊಂದು ಕೆಲಸಕ್ಕೂ ಮಗು ಇಂಗ್ಲಿಷಿನ ಹೆಸರನ್ನು ಹೇಳಲಿ, ಅಜ್ಜಿ ಕನ್ನಡದ ಹೆಸರನ್ನು ಹೇಳಲಿ. ಅಜ್ಜಿಯೂ ನಾಲ್ಕು ಹೊಸ ಪದ ಕಲಿತರೆ ನಷ್ಟವೇನೂ ಇಲ್ಲ. ಮೊದಲ ಹೂವನ್ನು ಮಗುವೇ ಕೊಯ್ದು ತಂದು ಪೂಜೆಗೆ ಅರ್ಪಿಸಲಿ.