ಒಂದೇ 'ಟಿಕ್' ಸದ್ದಿಗೆ ಮಗುವಿನ ಕಿವಿ ಸರಿ ಅನ್ನಬೇಡಿ!

ನನಗೆ ಮೈಯೆಲ್ಲ ಉರಿಯೋ ಹಾಗೆ ಮಾಡೋ ವಾಕ್ಯ ಒಂದಿದೆ: "ಬೆರಾ ಮಾಡಲಾಗಿದೆ, ಶ್ರವಣ ಸಾಮಾನ್ಯ." ಯಾವ ಸದ್ದು ಕೇಳಿಸಿ ಮಾಡಿದಿರಿ ಸ್ವಾಮಿ? ಅದನ್ನ ಎಷ್ಟೋ ರಿಪೋರ್ಟುಗಳಲ್ಲಿ ಬರೆದೇ ಇರಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಬೆರಾ ಪರೀಕ್ಷೆಯಲ್ಲಿ ಮಗು ಉತ್ತರ ಹೇಳಬೇಕಿಲ್ಲ. ಅದು ಮಲಗಿದ್ದಾಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಶ್ರವಣ ನರ ಮತ್ತು ಮಿದುಳ ಕಾಂಡದಿಂದ ಬರೋ ವಿದ್ಯುತ್ ಅಲೆ ನೋಡ್ತಾರೆ. ಹಳೇ ಕಾಲದಿಂದ ಬಂದಿರೋ ಸದ್ದು 'ಕ್ಲಿಕ್'. ಸಾಮಾನ್ಯವಾಗಿ 100 ಮೈಕ್ರೋಸೆಕೆಂಡಿನ ಒಂದು ಟಿಕ್, ಅಷ್ಟೆ. ಅದರಲ್ಲಿ ಎಲ್ಲ ಸ್ವರಗಳೂ ಬೆರೆತಿರುತ್ತವೆ, ಆದರೆ ಉತ್ತರ ಮುಖ್ಯವಾಗಿ ಬರೋದು 2000ದಿಂದ 4000 ಹರ್ಟ್ಸ್ ಭಾಗದಿಂದ. ಅಲ್ಲೊಂದು ಕಡೆ ಕಿವಿ ಚೆನ್ನಾಗಿದ್ರೆ ಸಾಕು, ಅಲೆ ಚೆನ್ನಾಗೇ ಕಾಣುತ್ತೆ. ಉಳಿದ ಕಡೆ ಹಾಳಾಗಿರೋದು ಮುಚ್ಚಿಹೋಗುತ್ತೆ.

ನನ್ನಕ್ಕನ ಮಗನಿಗೆ ಆಗಿದ್ದು ಇದೇ. ಕ್ಲಿಕ್‌ಗೆ ಅಲೆ ಬಂತು, 'ನಾರ್ಮಲ್' ಅಂತ ಕಾಗದ ಕೊಟ್ಟು ಕಳಿಸಿದರು. ಅವನ ಬಾಯಲ್ಲಿ ಸ, ಶ ಬರಲೇ ಇಲ್ಲ. ಎರಡು ವರ್ಷ ಎಲ್ಲರಿಂದ "ಮೊಂಡ" ಅನ್ನಿಸಿಕೊಂಡ. ಆಮೇಲೆ ಬೇರೆ ಕಡೆ ಬಿಡಿ ಬಿಡಿ ಸ್ವರ ಕೊಟ್ಟು ನೋಡಿದಾಗ 4000ದಲ್ಲಿ ದೊಡ್ಡ ಕೊರತೆ!

ಈಗ 'ಚರ್ಪ್' ಬಂದಿದೆ. ನಮ್ಮ ಒಳಗಿವಿಯಲ್ಲಿ ಕೀರಲು ಸ್ವರ ಬುಡದಲ್ಲೇ ನಿಲ್ಲುತ್ತೆ, ದಪ್ಪ ಸ್ವರ ತುದಿ ಮುಟ್ಟೋಕೆ ಕೆಲವು ಮಿಲಿಸೆಕೆಂಡ್ ಬೇಕು. ಚರ್ಪ್‌ನಲ್ಲಿ ದಪ್ಪ ಸ್ವರ ಮೊದಲು ಹೊರಡುತ್ತೆ, ಕೀರಲು ಆಮೇಲೆ. ಹಾಗಾಗಿ ಎಲ್ಲ ನರಗಳೂ ಹೆಚ್ಚುಕಮ್ಮಿ ಒಟ್ಟಿಗೆ ಮಿಡಿಯುತ್ತವೆ. ಮೆಲುದನಿಯಲ್ಲೂ ಅಲೆ ದೊಡ್ಡದು, ಕೆಲಸ ಬೇಗ. ನಾನೂ ಮೆಚ್ಚಿದ್ದೇನೆ. ಆದರೆ ಅಗಲವಾದ ಚರ್ಪ್ ಕೂಡ ಎಲ್ಲ ಸ್ವರಗಳ ಚಿತ್ರಾನ್ನವೇ! ಎಲ್ಲಿ ಕೊರತೆ ಅಂತ ಅದೂ ಹೇಳಲ್ಲ. ಅದಕ್ಕೆ 500, 1000, 2000, 4000 ಹರ್ಟ್ಸ್‌ಗಳಲ್ಲಿ ಟೋನ್ ಬರ್ಸ್ಟ್ ಅಥವಾ ಕಿರು ಪಟ್ಟಿಯ ಚರ್ಪ್ ಬೇಕು. ಹಿಯರಿಂಗ್ ಏಡ್ ಹೊಂದಿಸೋದು ಸ್ವರಕ್ಕೆ ತಕ್ಕಂತೆ ತಾನೆ?

"ಅಷ್ಟೆಲ್ಲ ಮಾಡೋದರೊಳಗೆ ಮಗು ಎದ್ದುಬಿಡುತ್ತೆ" ಅಂತಾರೆ. ನಿಜ. ಹಾಗಿದ್ರೆ 'ಪರೀಕ್ಷೆ ಮುಗಿದಿಲ್ಲ' ಅಂತ ಬರೆದು ಮತ್ತೆ ಕರೆಸಿ. 'ನಾರ್ಮಲ್' ಅಂತ ಯಾಕೆ ಬರೀತೀರಿ?

ಕ್ಲಿಕ್ ಬಿಸಾಡಿ ಅಂತಿಲ್ಲ. ನರದ ತಾಳ ತಪ್ಪಿದೆಯಾ ಅಂತ ಪತ್ತೆ ಹಚ್ಚೋಕೆ ಅದು ಬೇಕೇ ಬೇಕು. ಆದರೆ ಅದೊಂದೇ ಸಾಲದು.

ಹುಟ್ಟಿದ 3 ತಿಂಗಳೊಳಗೆ ದೋಷ ಪತ್ತೆ, 6 ತಿಂಗಳೊಳಗೆ ನೆರವು ಅನ್ನೋದು ಅಮೆರಿಕದ ಶಿಶು ಶ್ರವಣ ಜಂಟಿ ಸಮಿತಿ 2019ರಲ್ಲೂ ಎತ್ತಿಹಿಡಿದ ಗುರಿ. ಒಂದು ತಪ್ಪು 'ನಾರ್ಮಲ್' ಅಷ್ಟೂ ಕಾಲವನ್ನ ನುಂಗಿಹಾಕುತ್ತೆ.

ಗೆಳೆಯರೇ, ನಿಮ್ಮ ಬಳಗದಲ್ಲಿ ಯಾರಾದ್ರೂ ಮಗೂನ ಬೆರಾಗೆ ಕರ್ಕೊಂಡು ಹೋಗ್ತಿದ್ರೆ ಒಂದೇ ಪ್ರಶ್ನೆ ಕೇಳೋಕೆ ಹೇಳಿ: "ಯಾವ ಯಾವ ಹರ್ಟ್ಸ್‌ನಲ್ಲಿ ನೋಡಿದ್ರಿ?" ಉತ್ತರ ಬರಲಿಲ್ಲ ಅಂದ್ರೆ, ದಯವಿಟ್ಟು ಇನ್ನೊಂದು ಕಡೆ ತೋರಿಸಲಿ.